ಪೋರ್ಟ್ ಬೇರೆ, ಹಾರ್ಬರ್ ಬೇರೆ: ಕಾರವಾರದ ದಂಡೆಯಿಂದ ಎರಡು ಇಂಗ್ಲಿಷ್ ಶಬ್ದಗಳ ವಿಚಾರ

ಕಾರವಾರದ ಬೈತಖೋಲದಲ್ಲಿ ಗುಡ್ಡದ ಬುಡಕ್ಕೆ ತಾಗಿಕೊಂಡಂತೆ ವಾಣಿಜ್ಯ ಬಂದರೂ ಇದೆ, ಅದರ ಪಕ್ಕದಲ್ಲಿ ಮೀನುಗಾರಿಕೆ ಬಂದರೂ ಇದೆ. ಕನ್ನಡದಲ್ಲಿ ನಾವು ಎರಡಕ್ಕೂ ಬಂದರು ಎಂದೇ ಹೇಳುತ್ತೇವೆ. ಸರ್ಕಾರಿ ಕಡತದ ಇಂಗ್ಲಿಷಿನಲ್ಲಿ ಮಾತ್ರ ಮೊದಲನೆಯದು ಪೋರ್ಟ್, ಎರಡನೆಯದು ಹಾರ್ಬರ್ ಆಗುತ್ತದೆ. ಇದನ್ನು ನೋಡಿ, ಸರಕಿನ ಹಡಗು ನಿಲ್ಲುವ ದೊಡ್ಡ ಜಾಗ ಪೋರ್ಟ್, ಮೀನಿನ ಬೋಟು ನಿಲ್ಲುವ ಸಣ್ಣ ಜಾಗ ಹಾರ್ಬರ್ ಎಂದು ತಿಳಿದುಕೊಂಡವರು ಬಹಳ ಮಂದಿ ಇದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ಎರಡು ಶಬ್ದಗಳಿಗೂ ಗಾತ್ರಕ್ಕೂ ಸಂಬಂಧವಿಲ್ಲ. ಹಾರ್ಬರ್ ಎಂಬುದು ನೀರಿನ ಗುಣವನ್ನು ಹೇಳುವ ಶಬ್ದ: ಗಾಳಿ ಮತ್ತು ಅಲೆಯ ಹೊಡೆತ ತಾಗದೆ ಹಡಗು ನೆಮ್ಮದಿಯಿಂದ ಲಂಗರು ಹಾಕಬಹುದಾದ ಆಸರೆಯ ನೀರು ಎಲ್ಲಿದೆಯೋ ಅದು ಹಾರ್ಬರ್. ಪೋರ್ಟ್ ಎಂಬುದು ಮನುಷ್ಯರ ವ್ಯವಹಾರವನ್ನು ಹೇಳುವ ಶಬ್ದ: ಸರಕು ಏರಿ ಇಳಿಯುವ, ಸುಂಕ ಕಟ್ಟುವ, ಪ್ರಯಾಣಿಕರು ಒಳಗೆ ಬಂದು ಹೊರಗೆ ಹೋಗುವ ದ್ವಾರ ಎಲ್ಲಿದೆಯೋ ಅದು ಪೋರ್ಟ್. ಒಂದೇ ಸ್ಥಳ ಎರಡೂ ಆಗಿರಬಹುದು, ಮುಂಬಯಿಯಂಥ ಕಡೆ ಆಗಿಯೂ ಇದೆ. ಆದರೆ ಒಂದಿದ್ದು ಇನ್ನೊಂದಿಲ್ಲದ ಸ್ಥಳಗಳೂ ಇವೆ, ಅವುಗಳನ್ನು ಹುಡುಕಲು ಉತ್ತರ ಕನ್ನಡದ ಕರಾವಳಿಯನ್ನು ಬಿಟ್ಟು ಹೊರಗೆ ಹೋಗುವ ಅಗತ್ಯವಿಲ್ಲ.

ಪಾರ್ಸಿಯಿಂದ ನಮಗೆ ಬಂದ ಬಂದರು ಎಂಬ ಶಬ್ದ ಎರಡು ಅರ್ಥಗಳನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಿದೆ. ಅದು ಕನ್ನಡದ ಕೊರತೆಯೇನಲ್ಲ. ಬೇಕಾದಾಗ ರೇವು, ಧಕ್ಕೆ, ಅಳಿವೆ ಎಂದು ನಾವು ಬೇರೆ ಬೇರೆ ಮಾಡಿ ಹೇಳುತ್ತೇವೆ. ತೊಡಕು ಹುಟ್ಟುವುದು ಇಂಗ್ಲಿಷ್ ಓದುವಾಗ ಮತ್ತು ಬರೆಯುವಾಗ.

ಈ ಭೇದವನ್ನು ಒಂದೇ ವಾಕ್ಯದಲ್ಲಿ ಕಾಣಬೇಕೆಂದರೆ ರವೀಂದ್ರನಾಥ ಠಾಕೂರರ ನೆನಪಿನ ಬರಹದಲ್ಲಿ ಕಾರವಾರದ ಭಾಗವನ್ನು ಓದಬೇಕು. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಬಂದು ಉಳಿದಿದ್ದರು. ಇಂದಿನ ಠಾಕೂರ್ ಕಡಲತೀರಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. 1917ರಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದದಲ್ಲಿ ಗುಡ್ಡಗಳು ಸುತ್ತುವರಿದ ಈ ಪುಟ್ಟ ಹಾರ್ಬರ್ ಎಷ್ಟು ಏಕಾಂತವಾಗಿದೆಯೆಂದರೆ ಇದರಲ್ಲಿ ಪೋರ್ಟಿನ ಲಕ್ಷಣವೇ ಇಲ್ಲ ಎಂಬ ಅರ್ಥದ ಮಾತು ಬರುತ್ತದೆ. ಅನುವಾದ ಮಾಡಿದವರು ಸುರೇಂದ್ರನಾಥ ಠಾಕೂರರು, ಅದೇ ನ್ಯಾಯಾಧೀಶರ ಮಗ. ಎರಡು ಶಬ್ದಗಳೂ ಸಮಾನಾರ್ಥಕಗಳಾಗಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬಂದರು ಬಂದರಿನಂತಿಲ್ಲ ಎಂದು ಕನ್ನಡಕ್ಕೆ ತಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ಸುತ್ತಲ ಬೆಟ್ಟ, ನಡುವಿನ ಶಾಂತ ನೀರು, ಇವು ಹಾರ್ಬರಿನ ಗುರುತುಗಳು. ಗೋದಾಮು, ಹಮಾಲರು, ಗಾಡಿಗಳ ಸದ್ದು, ವ್ಯಾಪಾರಿಗಳ ಓಡಾಟ, ಇವು ಪೋರ್ಟಿನ ಗುರುತುಗಳು. ಮೊದಲನೆಯವು ಇಲ್ಲಿದ್ದವು, ಎರಡನೆಯವು ಆಗ ಕಣ್ಣಿಗೆ ಬೀಳುವಷ್ಟು ಇರಲಿಲ್ಲ.

ಕಾರವಾರದ ನೀರು ಶಾಂತವಾಗಿರುವುದಕ್ಕೆ ಕಾರಣಗಳು ನಕ್ಷೆಯಲ್ಲೇ ಕಾಣುತ್ತವೆ. ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರಕ್ಕೆ ಸದಾಶಿವಗಡದ ಗುಡ್ಡವಿದೆ, ದಕ್ಷಿಣಕ್ಕೆ ಬೈತಖೋಲದ ಗುಡ್ಡ ಕಡಲೊಳಗೆ ಚಾಚಿಕೊಂಡಿದೆ, ಎದುರಿಗೆ ದೀಪಸ್ತಂಭವಿರುವ ದೇವಗಡ ಮತ್ತು ನರಸಿಂಹನ ಜಾತ್ರೆ ನಡೆಯುವ ಕೂರ್ಮಗಡ ದ್ವೀಪಗಳಿವೆ. ಮುಂಗಾರಿನ ಅಲೆಗಳು ನೈಋತ್ಯದಿಂದ ಬರುವುದರಿಂದ ದಕ್ಷಿಣದ ಗುಡ್ಡ ಅವುಗಳ ಹೊಡೆತವನ್ನು ತಾನೇ ತಿನ್ನುತ್ತದೆ. ಬೇಸಿಗೆಯ ವಾಯವ್ಯ ಗಾಳಿಗೆ ದ್ವೀಪಗಳು ಅಡ್ಡ ನಿಲ್ಲುತ್ತವೆ. ಬೈತಖೋಲ ಎಂಬ ಹೆಸರು ಅರಬ್ಬಿಯಿಂದ ಬಂದದ್ದೆಂದೂ ಸುರಕ್ಷಿತ ಕೊಲ್ಲಿ ಎಂದು ಅದರ ಅರ್ಥವೆಂದೂ ಒಂದು ಹೇಳಿಕೆಯಿದೆ. ವ್ಯುತ್ಪತ್ತಿ ನಿಜವಿರಲಿ ಇಲ್ಲದಿರಲಿ, ವರ್ಣನೆ ಮಾತ್ರ ತಪ್ಪಿಲ್ಲ. ಇಂದಿಗೂ ಸಮುದ್ರದಲ್ಲಿ ತೂಫಾನು ಎದ್ದಾಗ ಗೋವಾ, ಕೇರಳ, ತಮಿಳುನಾಡಿನ ಮೀನುಗಾರಿಕೆ ಬೋಟುಗಳು ಸಾಲುಗಟ್ಟಿ ಬೈತಖೋಲಕ್ಕೆ ಬಂದು ನಿಲ್ಲುತ್ತವೆ. ಅವು ಇಲ್ಲಿ ಮೀನು ಮಾರಲು ಬರುವುದಿಲ್ಲ, ಡೀಸೆಲ್ ತುಂಬಿಸಲೂ ಬರುವುದಿಲ್ಲ. ಗಾಳಿ ಇಳಿಯುವವರೆಗೆ ನಿಂತು ಹೋಗಲು ಬರುತ್ತವೆ. ಆ ದಿನಗಳಲ್ಲಿ ಬೈತಖೋಲ ಹಾರ್ಬರ್ ಎಂಬ ಶಬ್ದದ ಶುದ್ಧ ಅರ್ಥದಲ್ಲಿ ಕೆಲಸ ಮಾಡುತ್ತಿರುತ್ತದೆ.

ಇದಕ್ಕೆ ಸರಿಯಾಗಿ ವಿರುದ್ಧವಾದ ಉದಾಹರಣೆ ದಕ್ಷಿಣಕ್ಕೆ ಇರುವ ಕುಮಟಾ. 1911ರಲ್ಲಿ ಹೊರಬಂದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 11ನೆಯ ಆವೃತ್ತಿಯಲ್ಲಿ ಎರಡು ಊರುಗಳ ಮೇಲೂ ಚಿಕ್ಕ ಟಿಪ್ಪಣಿಗಳಿವೆ. ಮುಂಬಯಿಗೂ ಕೊಚ್ಚಿಗೂ ನಡುವೆ ವರ್ಷವಿಡೀ ಸುರಕ್ಷಿತವಾಗಿರುವ ಏಕೈಕ ಹಾರ್ಬರ್ ಕಾರವಾರ ಎಂದು ಒಂದು ಟಿಪ್ಪಣಿ ಹೇಳಿದರೆ, ಕುಮಟಾದ್ದು ತೆರೆದ ಕಡಲು, ಆದರೆ ಅಲ್ಲಿ ಗಣನೀಯ ವ್ಯಾಪಾರವಿದೆ ಎಂದು ಇನ್ನೊಂದು ಹೇಳುತ್ತದೆ. ತೆರೆದ ಕಡಲು ಎಂದರೆ ಹಡಗು ದೂರದಲ್ಲೇ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಲ್ಲಿ ತುಂಬಿ ಸಾಗಿಸಬೇಕಾದ ಸ್ಥಿತಿ. ಇಂಥ ಜಾಗಕ್ಕೆ ಇಂಗ್ಲಿಷಿನಲ್ಲಿ ರೋಡ್‌ಸ್ಟೆಡ್ ಎಂಬ ಪ್ರತ್ಯೇಕ ಶಬ್ದವಿದೆ, ಹಾರ್ಬರ್ ಎನ್ನಲು ಯಾರೂ ಒಪ್ಪುವುದಿಲ್ಲ. ಆದರೂ ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು ಎತ್ತಿನ ಗಾಡಿಗಳಲ್ಲಿ ಬಂದು ಸೇರುತ್ತಿದ್ದದ್ದು ಕುಮಟಾಕ್ಕೆ. ಅಲ್ಲಿಂದ ಹೊರಟ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. ಬೆಳೆದ ಹೊಲಗಳು ಧಾರವಾಡದ ಕಡೆಯವು, ಹೆಸರು ಮಾತ್ರ ಸಾಗಿಸಿದ ಊರಿನದು. ಸರಕಿಗೆ ತನ್ನ ಹೆಸರನ್ನು ಅಂಟಿಸಿ ಕಳುಹಿಸುವ ಶಕ್ತಿ ಪೋರ್ಟಿಗೆ ಇರುತ್ತದೆ, ಏಕೆಂದರೆ ಲೆಕ್ಕ ಬರೆಯುವುದು ಅಲ್ಲಿ.

ಹಾಗಾದರೆ ಒಳ್ಳೆಯ ಹಾರ್ಬರ್ ಇರುವ ಕಾರವಾರಕ್ಕೆ ಆ ಹತ್ತಿ ಏಕೆ ಬರಲಿಲ್ಲ? ಬರಲೆಂದು ದೊಡ್ಡ ಪ್ರಯತ್ನವೇ ನಡೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೂ ಸದಾಶಿವಗಡದ ಎದುರಿನ ನೀರಿನ ಮೇಲೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ಆದರೆ ಹಾರ್ಬರ್ ಪೋರ್ಟ್ ಆಗಬೇಕಾದರೆ ನೀರು ಶಾಂತವಾಗಿದ್ದರೆ ಸಾಲದು, ಬೆನ್ನಿಗೆ ಬಯಲುಸೀಮೆಯವರೆಗೆ ದಾರಿ ಬೇಕು. 1880ರ ದಶಕದ ಕೊನೆಗೆ ರೈಲುಮಾರ್ಗ ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದದ್ದು ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸರ ಮುರ್ಮಗೋವಾಕ್ಕೆ. ಹತ್ತಿ ಆ ದಾರಿಯನ್ನೇ ಹಿಡಿಯಿತು. ರೈಲು ಬಂದ ಮೇಲೆ ಕಾರವಾರ ಮತ್ತು ಕುಮಟಾ ಎರಡರ ವ್ಯಾಪಾರವೂ ಕುಗ್ಗಿತೆಂದು ಮೇಲೆ ಹೇಳಿದ ಟಿಪ್ಪಣಿಗಳೇ ದಾಖಲಿಸಿವೆ. ಕುಮಟಾ ಪೋರ್ಟ್ ಆಗಿ ಸೊರಗಿತು. ಕಾರವಾರದ ಹಾರ್ಬರಿಗೆ ಮಾತ್ರ ಕಿಂಚಿತ್ತೂ ಊನವಾಗಲಿಲ್ಲ, ಏಕೆಂದರೆ ಗುಡ್ಡ ಮತ್ತು ದ್ವೀಪಗಳು ವ್ಯಾಪಾರದ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಂಕಣ ರೈಲು ಪೂರ್ಣಗೊಂಡು 1998ರಲ್ಲಿ ದೇಶಕ್ಕೆ ಅರ್ಪಣೆಯಾದರೂ ಅದು ಕರಾವಳಿಯುದ್ದಕ್ಕೆ ಸಾಗುವ ಮಾರ್ಗ. ಘಟ್ಟ ಹತ್ತಿಸುವ ಅಂಕೋಲಾ–ಹುಬ್ಬಳ್ಳಿ ಮಾರ್ಗಕ್ಕಾಗಿ ಜಿಲ್ಲೆ ಇನ್ನೂ ಕಾಯುತ್ತಿದೆ.

ಪೋರ್ಟ್ ಏಳುವುದೂ ಬೀಳುವುದೂ ಸರಕಿನಿಂದ ಎಂಬುದಕ್ಕೆ ಬೇಲೆಕೇರಿ ಹತ್ತಿರದ ನಿದರ್ಶನ. ಅದಿರಿನ ಕಾಲದಲ್ಲಿ ಲಾರಿಗಳು ಹಗಲುರಾತ್ರಿ ಇಳಿಯುತ್ತಿದ್ದ ಆ ಊರು, 2010ರಲ್ಲಿ ಅಕ್ರಮ ಅದಿರು ಸಾಗಣೆಯ ಹಗರಣ ಹೊರಬಿದ್ದ ಮೇಲೆ ಸ್ತಬ್ಧವಾಯಿತು. ಕಡಲು ಆಗಲೂ ಅದೇ, ಈಗಲೂ ಅದೇ.

ಎಂಜಿನಿಯರುಗಳ ಭಾಷೆಯಲ್ಲಿ ಈ ಭೇದ ಇನ್ನೂ ನಿಚ್ಚಳವಾಗಿದೆ. ಕಲ್ಲು ಸುರಿದು ಕಟ್ಟುವ ಅಲೆತಡೆಗೋಡೆ ಹಾರ್ಬರನ್ನು ನಿರ್ಮಿಸುತ್ತದೆ, ಅದರ ಒಳಗೆ ಕಟ್ಟುವ ಧಕ್ಕೆ, ಕ್ರೇನು, ಗೋದಾಮು ಪೋರ್ಟನ್ನು ನಿರ್ಮಿಸುತ್ತವೆ. ನೀರಿನಲ್ಲಿ ಹಡಗುಗಳು ಎಲ್ಲಿ ನಿಲ್ಲಬೇಕು, ಯಾವಾಗ ಚಲಿಸಬೇಕು ಎಂಬುದನ್ನು ನೋಡಿಕೊಳ್ಳುವ ಅಧಿಕಾರಿಗೆ ಹಾರ್ಬರ್ ಮಾಸ್ಟರ್ ಎನ್ನುತ್ತಾರೆ. ಆಡಳಿತದ ಹೊಣೆ ಹೊತ್ತವನು ಪೋರ್ಟ್ ಆಫೀಸರ್. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೆಯ ಹಂತದ ವಿಸ್ತರಣೆಯನ್ನು ವಿರೋಧಿಸಿ ಕಾರವಾರದ ಮೀನುಗಾರರು ಬೀದಿಗಿಳಿದಾಗ ವಿವಾದದ ನಡುವೆ ಇದ್ದದ್ದು ಠಾಕೂರ್ ಕಡಲತೀರದ ಕಡೆಗೆ ಕಟ್ಟಲು ಹೊರಟ ಅಲೆತಡೆಗೋಡೆ. ಪೋರ್ಟಿಗೆ ಹೆಚ್ಚು ಹಡಗು ಬೇಕಾದರೆ ಹಾರ್ಬರ್ ಹಿಗ್ಗಬೇಕು, ಹಾರ್ಬರ್ ಹಿಗ್ಗಿದರೆ ಬಲೆ ಎಳೆಯುವ ದಂಡೆ ಕುಗ್ಗುತ್ತದೆ. ಎರಡು ಶಬ್ದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಆ ಜಗಳದ ಒಳಗಟ್ಟು ಸುಲಭವಾಗಿ ಅರ್ಥವಾಗುತ್ತದೆ.

ಕಾನೂನಿಗೆ ಬೇಕಾಗಿರುವುದು ಮುಖ್ಯವಾಗಿ ಪೋರ್ಟ್. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೇಜರ್ ಪೋರ್ಟುಗಳು ಕೇಂದ್ರದ ಪಟ್ಟಿಯಲ್ಲಿವೆ, ಉಳಿದ ಪೋರ್ಟುಗಳು ಸಮವರ್ತಿ ಪಟ್ಟಿಯಲ್ಲಿವೆ. ಇಲ್ಲಿ ಮೇಜರ್ ಎಂಬುದು ವಿಸ್ತಾರದ ಅಳತೆಯಲ್ಲ, ಹಾಗೆಂದು ಕಾನೂನು ಪ್ರಕಾರ ಘೋಷಿಸಲಾಗಿದೆ ಎಂಬ ಸ್ಥಾನಮಾನ. ಕರ್ನಾಟಕದಲ್ಲಿ ಆ ಸ್ಥಾನ ಇರುವುದು ನವಮಂಗಳೂರಿಗೆ ಮಾತ್ರ. ಕಾರವಾರದ್ದು ರಾಜ್ಯದ ಅಧೀನ. 1962ರ ಕಸ್ಟಮ್ಸ್ ಕಾಯ್ದೆಯೂ ಸರಕು ಇಳಿಸಬಹುದಾದ ಕಸ್ಟಮ್ಸ್ ಪೋರ್ಟುಗಳನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಅಂದರೆ ಕಾಗದದ ಮೇಲೆ ಹೆಸರು ಬರೆದು ಪೋರ್ಟನ್ನು ಸೃಷ್ಟಿಸಬಹುದು, ಅಳಿಸಲೂಬಹುದು. ಹಾರ್ಬರನ್ನು ಹಾಗೆ ಅಧಿಸೂಚನೆ ಹೊರಡಿಸಿ ಉಂಟುಮಾಡಲು ಬರುವುದಿಲ್ಲ. ಇದೇ ಕಾರಣಕ್ಕೆ ಪೋರ್ಟ್ ಎಂಬ ಶಬ್ದ ಸಮುದ್ರವನ್ನು ಬಿಟ್ಟು ಒಣ ನೆಲಕ್ಕೂ ಹತ್ತಿಬಂದಿದೆ. ವಿಮಾನ ಇಳಿಯುವ ಜಾಗ ಏರ್‌ಪೋರ್ಟ್. ಕಂಟೇನರುಗಳ ಸುಂಕ ಮುಗಿಸುವ ಒಳನಾಡಿನ ಅಂಗಳ ಡ್ರೈ ಪೋರ್ಟ್. ಪಾಕಿಸ್ತಾನದ ಗಡಿಯ ಅಟ್ಟಾರಿಯಲ್ಲಿರುವುದು ಲ್ಯಾಂಡ್ ಪೋರ್ಟ್, ಅಂಥವುಗಳನ್ನು ನೋಡಿಕೊಳ್ಳಲು 2012ರಿಂದ ಒಂದು ಪ್ರಾಧಿಕಾರವೇ ಇದೆ. ಏರ್‌ಹಾರ್ಬರ್ ಎಂದಾಗಲಿ ಲ್ಯಾಂಡ್ ಹಾರ್ಬರ್ ಎಂದಾಗಲಿ ಯಾರೂ ಹೇಳುವುದಿಲ್ಲ.

ಅರ್ಗಾದ ನೌಕಾನೆಲೆ ಸ್ವಲ್ಪ ಸೂಕ್ಷ್ಮದ ಪ್ರಸಂಗ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಯಿಂದ ಬೆಳೆದು, 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದ ಈ ನೆಲೆಯಲ್ಲಿ ಯುದ್ಧನೌಕೆಗಳು ನಿಲ್ಲುವ ಆಸರೆಯ ನೀರು ಹಾರ್ಬರೇ ಸರಿ. ವ್ಯಾಪಾರವಿಲ್ಲದ ಕಾರಣ ಅದನ್ನು ಸಾಮಾನ್ಯವಾಗಿ ಪೋರ್ಟ್ ಎನ್ನುವುದಿಲ್ಲ. ಆದರೆ ಒಂದು ಯುದ್ಧನೌಕೆಗೆ ಕಾರವಾರ ಖಾಯಂ ನೆಲೆ ಎಂದು ಹೇಳುವಾಗ ನೌಕಾಪಡೆಯವರೂ ಹೋಮ್ ಪೋರ್ಟ್ ಎಂದೇ ಬರೆಯುತ್ತಾರೆ. ಅಲ್ಲಿ ಹೇಳಬೇಕಾದದ್ದು ನೀರಿನ ಗುಣವಲ್ಲ, ಹೊರಟು ಹೋಗಿ ಮರಳಿ ಬರುವ ವಿಳಾಸ. ವ್ಯವಹಾರ ಎಂಬುದನ್ನು ಬರಿಯ ವ್ಯಾಪಾರವೆಂದು ತಿಳಿಯದೆ ಹೋಗಿಬರುವ ದ್ವಾರ ಎಂದು ತಿಳಿದರೆ ಈ ಬಳಕೆಯೂ ನಿಯಮದ ಒಳಗೇ ಬರುತ್ತದೆ.

ಹುಟ್ಟಿನಲ್ಲಿ ಇವೆರಡೂ ಒಂದು ಕುಲದವಲ್ಲ. ಪೋರ್ಟ್ ಬಂದದ್ದು ಲ್ಯಾಟಿನಿನ ಪೋರ್ಟುಸ್ ಎಂಬುದರಿಂದ. ಬಾಗಿಲು ಎಂಬ ಅರ್ಥದ ಪೋರ್ಟಾ, ಹೊತ್ತು ಸಾಗಿಸು ಎಂಬ ಅರ್ಥದ ಪೋರ್ಟಾರೆ ಇವೆರಡೂ ಅದರ ದಾಯಾದಿಗಳು. ಎಲ್ಲದರ ಅಡಿಯಲ್ಲಿ ಹಾದುಹೋಗುವುದು ಎಂಬ ಒಂದೇ ಭಾವವಿದೆ. ಪೋರ್ಚುಗಲ್ ಎಂಬ ದೇಶದ ಹೆಸರೂ ಪೋರ್ಟುಸ್ ಕಾಲೆ ಎಂಬ ಹಳೆಯ ರೇವಿನಿಂದ ಬಂದದ್ದು. ಹೀಗಾಗಿ 1505ರಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದ ಪೋರ್ಚುಗೀಸರು ಈ ಶಬ್ದವನ್ನು ತಮ್ಮ ಹೆಸರಿನಲ್ಲೇ ಹೊತ್ತುಕೊಂಡು ಬಂದಿದ್ದರು ಎನ್ನಬಹುದು. ಆ ದೇಶದ ಪೋರ್ಟೋ ನಗರದಿಂದ ಹೊರದೇಶಗಳಿಗೆ ಹೋಗುವ ಸಿಹಿ ದ್ರಾಕ್ಷಾರಸಕ್ಕೆ ಪೋರ್ಟ್ ವೈನ್ ಎಂಬ ಹೆಸರು ಬಂದದ್ದು, ನಮ್ಮ ಹತ್ತಿಗೆ ಕುಮಟಾದ ಹೆಸರು ಬಂದ ರೀತಿಯಲ್ಲೇ.

ಹಡಗಿನ ಎಡಬದಿಗೂ ಪೋರ್ಟ್ ಎನ್ನುತ್ತಾರೆ. ಹಿಂದಿನ ಕಾಲದ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಬದಿಗೆ ಇರುತ್ತಿದ್ದುದರಿಂದ, ಅದು ಮುರಿಯದಂತೆ ಎಡಬದಿಯನ್ನೇ ಧಕ್ಕೆಗೆ ತಾಗಿಸಿ ನಿಲ್ಲಿಸುತ್ತಿದ್ದರು. ಬಲಕ್ಕೆ ಸ್ಟಾರ್‌ಬೋರ್ಡ್ ಎಂದೂ ಎಡಕ್ಕೆ ಲಾರ್‌ಬೋರ್ಡ್ ಎಂದೂ ಹೇಳುತ್ತಿದ್ದ ಕಾಲದಲ್ಲಿ ಗಾಳಿಯ ಸದ್ದಿನಲ್ಲಿ ಒಂದು ಇನ್ನೊಂದರಂತೆ ಕೇಳಿ ಗೊಂದಲವಾಗುತ್ತಿದ್ದ ಕಾರಣ, 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಬದಿಗೆ ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ರಾತ್ರಿ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಎಂಬ ನಿಯಮವನ್ನು ಬೈತಖೋಲದ ಬೋಟುಗಳೂ ಪಾಲಿಸುತ್ತವೆ. ಕಂಪ್ಯೂಟರಿನಲ್ಲಿ ತಂತಿ ಚುಚ್ಚುವ ಯುಎಸ್‌ಬಿ ಪೋರ್ಟ್ ಮತ್ತು ಜಾಲತಾಣಗಳ ಸಂಚಾರ ಹಾದುಹೋಗುವ 80, 443 ಎಂಬ ಸಂಖ್ಯೆಯ ಪೋರ್ಟುಗಳು ಬಾಗಿಲಿನ ಅರ್ಥದವು. ಹೊರುವ ಅರ್ಥದ್ದನ್ನು ನಾವು ಕನ್ನಡದಲ್ಲೇ ಕ್ರಿಯಾಪದ ಮಾಡಿಕೊಂಡಿದ್ದೇವೆ: ಸಂಖ್ಯೆ ಬದಲಾಯಿಸದೆ ಮೊಬೈಲ್ ಕಂಪನಿಯನ್ನು ಬದಲಾಯಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಯಾದಂದಿನಿಂದ ಶಿರಸಿಯ ಅಂಗಡಿಯಲ್ಲೂ ಸಿಮ್ ಪೋರ್ಟ್ ಮಾಡಿಸುವುದು ದಿನನಿತ್ಯದ ಮಾತು.

ಹಾರ್ಬರಿನ ಮೂಲ ಇನ್ನೂ ಕುತೂಹಲದ್ದು, ಏಕೆಂದರೆ ಆರಂಭದಲ್ಲಿ ಅದಕ್ಕೂ ಸಮುದ್ರಕ್ಕೂ ನಂಟೇ ಇರಲಿಲ್ಲ. ಹಳೆಯ ಜರ್ಮ್ಯಾನಿಕ್ ಭಾಷೆಗಳಲ್ಲಿ ದಂಡು ಎಂಬ ಅರ್ಥದ ಶಬ್ದವೂ ಆಸರೆ ಎಂಬ ಅರ್ಥದ ಶಬ್ದವೂ ಕೂಡಿ ದಂಡಿನ ಬೀಡು ಎಂಬ ಅರ್ಥದಲ್ಲಿ ಹುಟ್ಟಿದ ಪದ ಅದು. ಮುಂದೆ ದಾರಿಹೋಕರ ತಂಗುದಾಣ, ಛತ್ರ ಎಂಬ ಅರ್ಥಗಳು ಬಂದವು. ಜರ್ಮನಿನ ಹೆರ್‌ಬೆರ್ಗೆ, ಫ್ರೆಂಚಿನ ಓಬೆರ್ಜ್ ಇಂದಿಗೂ ತಂಗುಮನೆಗಳೇ. ಹಡಗಿನ ತಂಗುದಾಣ ಎಂಬ ಅರ್ಥ ಆಮೇಲೆ ಕೂಡಿಕೊಂಡು, ಕೊನೆಗೆ ಉಳಿದವನ್ನೆಲ್ಲ ಮರೆಸಿತು. ಆದರೆ ಹಾರ್ಬರ್ ಎಂಬುದನ್ನು ಕ್ರಿಯಾಪದವಾಗಿ ಬಳಸಿದಾಗ ಆ ಹಳೆಯ ಛತ್ರದ ಅರ್ಥವೇ ಮೇಲೆ ಬರುತ್ತದೆ: ಮನೆಯೊಳಗೆ ಇಟ್ಟುಕೊಳ್ಳುವುದು, ಉಣ್ಣಿಸಿ ಮರೆಮಾಡುವುದು. ಭಾರತೀಯ ದಂಡ ಸಂಹಿತೆಯ 212ನೆಯ ಕಲಂ ಅಪರಾಧಿಗೆ ಆಶ್ರಯ ಕೊಡುವುದನ್ನು ಈ ಶಬ್ದದಿಂದಲೇ ಹೆಸರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 249ನೆಯ ಕಲಮಾಗಿದೆ. ಕಾನೂನಿನ ವ್ಯಾಖ್ಯೆಯಲ್ಲಿ ಸೂರು ಮಾತ್ರವಲ್ಲದೆ ಊಟ, ನೀರು, ಹಣ, ಬಟ್ಟೆ, ವಾಹನ ಕೊಡುವುದೂ ಸೇರುತ್ತದೆ. ಬಂದವರಿಗೆ ಮೊದಲು ಆಸರಿಗೆ, ಎಂದರೆ ಕುಡಿಯಲು ಏನಾದರೂ, ಕೊಡುವ ನಮ್ಮ ಜಿಲ್ಲೆಯಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. ಆದರೆ ಬಂದವನು ಅಪರಾಧಿಯೆಂದು ಗೊತ್ತಿದ್ದು ಅಥವಾ ಹಾಗೆ ನಂಬಲು ಕಾರಣವಿದ್ದು, ಶಿಕ್ಷೆಯಿಂದ ಪಾರುಮಾಡುವ ಉದ್ದೇಶದಿಂದ ಕೊಟ್ಟಾಗ ಮಾತ್ರ ಅದು ಅಪರಾಧವಾಗುತ್ತದೆ. ಸ್ವಂತ ಗಂಡನಿಗೆ ಅಥವಾ ಹೆಂಡತಿಗೆ ಆಶ್ರಯ ಕೊಟ್ಟವರಿಗೆ ಈ ಕಲಂ ಅನ್ವಯಿಸುವುದಿಲ್ಲ.

ಮನಸ್ಸಿನ ವಿಷಯಕ್ಕೂ ಈ ಕ್ರಿಯಾಪದವನ್ನು ಬಳಸುತ್ತಾರೆ. ಹಗೆ, ಸಂಶಯ, ಅಸಮಾಧಾನ, ಹೊರಗೆ ಹೇಳದ ಮಹತ್ವಾಕಾಂಕ್ಷೆ, ಇಂಥವನ್ನು ಇಂಗ್ಲಿಷಿನಲ್ಲಿ ಹಾರ್ಬರ್ ಮಾಡಬಹುದು. ಕನ್ನಡದಲ್ಲಿ ಒಳಗೊಳಗೇ ಇಟ್ಟುಕೊಳ್ಳುವುದು ಎಂದರೆ ಅರ್ಥ ಸರಿಯಾಗಿ ಬರುತ್ತದೆ. ಎಲ್ಲರಿಗೂ ಕಾಣುವ ಪ್ರೀತಿಗೆ, ಹೇಳಿಕೊಂಡ ಸಂತೋಷಕ್ಕೆ ಈ ಶಬ್ದ ಒಗ್ಗುವುದಿಲ್ಲ, ಬಳಸಿದರೆ ಓದುಗರಿಗೆ ಏನೋ ಬಚ್ಚಿಟ್ಟ ವಾಸನೆ ಬರುತ್ತದೆ. ಆದರೆ ಪರಿಸರದ ಬರಹಗಳಲ್ಲಿ ಈ ಕಳಂಕವಿಲ್ಲ. ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕಗಳನ್ನು ಹಾರ್ಬರ್ ಮಾಡುತ್ತದೆ, ಕಾಳಿ ಅಳಿವೆಯ ಕಾಂಡ್ಲಾ ಗಿಡಗಳ ಬೇರು ಮೀನಿನ ಮರಿಗಳನ್ನು ಹಾರ್ಬರ್ ಮಾಡುತ್ತದೆ ಎಂದರೆ ಆಸರೆ ಕೊಡುತ್ತದೆ ಎಂದಷ್ಟೇ ಅರ್ಥ. ರೋಗದ ವಿಷಯಕ್ಕೆ ಬಂದಾಗ ಮತ್ತೆ ಕೆಡುಕಿನ ಛಾಯೆ ಮರಳುತ್ತದೆ.

ಈ ನಿಯಮಗಳಿಗೆ ಅಪವಾದಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಬಿರುಗಾಳಿಯಲ್ಲಿ ಸಿಕ್ಕವನಿಗೆ ಯಾವ ಬಂದರಾದರೂ ಆದೀತು ಎಂಬ ಇಂಗ್ಲಿಷ್ ಗಾದೆಯಲ್ಲಿ ಇರಬೇಕಾದದ್ದು ಹಾರ್ಬರ್, ಇರುವುದು ಪೋರ್ಟ್. 1770ರಲ್ಲಿ ಕ್ಯಾಪ್ಟನ್ ಕುಕ್ ಆಸ್ಟ್ರೇಲಿಯಾದ ಒಂದು ಕೊಲ್ಲಿಗೆ ಪೋರ್ಟ್ ಜಾಕ್ಸನ್ ಎಂದು ಹೆಸರಿಟ್ಟಾಗ ಅಲ್ಲಿ ಧಕ್ಕೆಯೂ ಇರಲಿಲ್ಲ, ಸುಂಕದ ಕಟ್ಟೆಯೂ ಇರಲಿಲ್ಲ. ಅದರ ಮುಖ್ಯ ಭಾಗವೇ ಇಂದಿನ ಸಿಡ್ನಿ ಹಾರ್ಬರ್. ಊರಿನ ಹೆಸರುಗಳಲ್ಲಿ ಪೋರ್ಟ್ ಮುಂದೆ ಬರುತ್ತದೆ, ಹಾರ್ಬರ್ ಹಿಂದೆ ಬರುತ್ತದೆ ಎಂಬ ವಾಡಿಕೆಯನ್ನೂ ಇಲ್ಲೇ ಗಮನಿಸಬಹುದು. ಕಾಗುಣಿತದಲ್ಲಿ ಬ್ರಿಟಿಷರು ಹಾರ್ಬರಿಗೆ ಯು ಅಕ್ಷರ ಸೇರಿಸುತ್ತಾರೆ, ಅಮೆರಿಕನ್ನರು ಬಿಡುತ್ತಾರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ರೂಪವಾದರೂ ಪರ್ಲ್ ಹಾರ್ಬರ್ ಅಮೆರಿಕದ ಸ್ಥಳನಾಮವಾದ್ದರಿಂದ ಅಲ್ಲಿ ಯು ಹಾಕುವುದು ತಪ್ಪು.

ಇತ್ತೀಚೆಗೆ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುತ್ತಿರುವ ಸೇಫ್ ಹಾರ್ಬರ್ ಎಂಬ ಮಾತನ್ನು ಸುರಕ್ಷಿತ ಬಂದರು ಎಂದು ಕನ್ನಡಿಸುವುದನ್ನು ನಾನು ಒಪ್ಪಲಾರೆ. ಬಳಕೆದಾರರು ಹಾಕಿದ ಬರಹಕ್ಕೆ ಸಾಮಾಜಿಕ ಜಾಲತಾಣದ ಕಂಪನಿ, ಕೆಲವು ಷರತ್ತುಗಳನ್ನು ಪಾಲಿಸಿದ್ದರೆ, ಹೊಣೆಯಾಗುವುದಿಲ್ಲ ಎಂಬ ರಕ್ಷಣೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಂ ಕೊಡುತ್ತದೆ. ಅದಕ್ಕೆ ವಕೀಲರು ಇಟ್ಟುಕೊಂಡ ಹೆಸರು ಸೇಫ್ ಹಾರ್ಬರ್. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 92ಸಿಬಿ ಕಲಮಿನಲ್ಲಿ ಅದೇ ಮಾತು ಬಂದಾಗ, ತೆರಿಗೆದಾರರು ಘೋಷಿಸಿದ ಬೆಲೆಯನ್ನು ಅಧಿಕಾರಿಗಳು ಪ್ರಶ್ನಿಸದೆ ಒಪ್ಪಬೇಕಾದ ಸನ್ನಿವೇಶ ಎಂಬುದು ಅದರ ಅರ್ಥ. ಎರಡರಲ್ಲೂ ಇರುವುದು ಬೈತಖೋಲದ ಗುಣ, ಅಂದರೆ ಒಳಗಿರುವವರೆಗೆ ಹೊಡೆತ ತಾಗುವುದಿಲ್ಲ ಎಂಬ ಭರವಸೆ. ಆದರೆ ಬಂದರು ಎಂದಕೂಡಲೇ ಕನ್ನಡ ಓದುಗರ ಕಣ್ಣಿಗೆ ಸರಕು, ಲಾರಿ, ಹಡಗು ಬರುತ್ತವೆ, ಅಂದರೆ ಪೋರ್ಟ್ ಬರುತ್ತದೆ. ಮೊದಲನೆಯದಕ್ಕೆ ಹೊಣೆಯಿಂದ ರಕ್ಷಣೆ ಎಂದೂ ಎರಡನೆಯದಕ್ಕೆ ತಕರಾರಿಲ್ಲದೆ ಒಪ್ಪುವ ಮಿತಿ ಎಂದೂ ಬಿಡಿಸಿ ಬರೆದರೆ ಓದುಗರಿಗೆ ಕಡಲಿನ ಕಡೆಗೆ ನೋಡುವ ಅಗತ್ಯ ಬೀಳುವುದಿಲ್ಲ.